ಆ್ಯಪಿನಲ್ಲೂ ಮಳೆ ಬರಲಿಲ್ಲ!

ಪ್ಯಾಕಿಂಗ್ ಎಂಬ ಮಹಾವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡು ಬೀದರ್ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ನಂಬಿದ್ದೆ ಅಷ್ಟೇ ಅಲ್ಲ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ! ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಪಂಪಿನ ಬಿಡಿಭಾಗಗಳನ್ನು ಡಬ್ಬಿಗೆ ತುಂಬಿ ಕಳಿಸುವ ವಿಭಾಗಕ್ಕೆ ನಾನೇ ಸೂಪರ್‌ವೈಸರ್. ನಟ್ಟು, ಬೋಲ್ಟು, ವಾಷರು, ರಬ್ಬರಿನ ಉಂಗುರ ಎಂದು ಒಂದೊಂದು ಡಬ್ಬಿಯಲ್ಲಿ ಮೂವತ್ತೆರಡು ಸಾಮಾನು. ಒಂದೇ ಒಂದು ವಾಷರ್ ಕಡಿಮೆ ಬಿದ್ದು ನನ್ನ ಡಬ್ಬಿ ವಾಪಸು ಬಂದ ದಾಖಲೆ ಇಲ್ಲ. ಮನೆಯಲ್ಲಿ ಮಾತ್ರ ಈ ಕೀರ್ತಿಗೆ ಕವಡೆ ಕಿಮ್ಮತ್ತಿಲ್ಲ. ಊರಿಗೆ ಹೋಗುವಾಗ ಚೀಲ ತುಂಬುವ ಕೆಲಸವನ್ನು ನನ್ನ ಹೆಂಡತಿ ಅಲಕಾ ಒಮ್ಮೆಯೂ ನನಗೆ ವಹಿಸಿದ್ದಿಲ್ಲ.

ಅಲಕಾ ಔರಾದ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಟೀಚರು. ಬೆಳಿಗ್ಗೆ ಬೀದರಿನಲ್ಲಿ ಬಸ್ಸು ಹತ್ತಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ನಾನು ಹೇಳುತ್ತಿರುವುದು ಎರಡು ಸಾವಿರದ ಹದಿನೈದನೆಯ ಇಸವಿಯ ಮಾತು. ಹಿಂದಿನ ವರ್ಷ ಕೈಕೊಟ್ಟ ಮಳೆ ಆ ವರ್ಷವೂ ಕೈಕೊಟ್ಟಿತ್ತು. ಅವಳ ಶಾಲೆಯ ಅರ್ಧ ಮಕ್ಕಳು ದಸರಾ ಮುಗಿಯುತ್ತಲೇ ತಂದೆ ತಾಯಿಯ ಜೊತೆ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೊರಡುವವರಿದ್ದರು. ತಿರುಗಿ ಬರುವುದು ಯುಗಾದಿಗೆ.

"ಪಂಢರಿ ಮಗಳು ಮಹಾನಂದಾ ಹೋದ ವರ್ಷ ಎಷ್ಟು ಛಂದ ಅಕ್ಷರ ಕಲ್ತಿದ್ದಳ್ರಿ," ಎಂದಳು ಅಲಕಾ ಒಂದು ಸಂಜೆ, ಅಡುಗೆಮನೆಯಲ್ಲಿ ನಿಂತು. "ಕಬ್ಬಿಗಿ ಹೋಗಿ ಆರು ತಿಂಗಳಿಗಿ ತಿರುಗಿ ಬಂದಳು. ತನ್ನ ಹೆಸರು ಬರೀಲಕ್ಕ ಬರಲಿಲ್ಲ. ಉಳಿದ ಹುಡುಗರು ನಕ್ಕರು. ಎಂಟು ದಿನ ಸಾಲಿ ಕಡಿಗಿ ಹಾಯಲಿಲ್ಲ. ಈ ಸಲಾನೂ ಮರ್ತು ಬಂದಳಂದ್ರ ಆಕಿ ಸಾಲಿ ಬಿಟ್ಟಂಗೇ ನೋಡ್ರಿ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನೊಳಗಿನ ವೀರ ಎದ್ದು ಕುಳಿತ!

"ಅಳಬ್ಯಾಡ ಅಲಕಾ! ನಾ ಒಂದು ಆ್ಯಪ್ ಮಾಡ್ತೇನಿ!"

"ನಾ ಎಲ್ಲಿ ಅಳ್ಲತ್ತೀನ್ರಿ? ಉಳ್ಳಾಗಡ್ಡಿ ಹೆಚ್ಚಲತ್ತೀನಿ."

ಉಳ್ಳಾಗಡ್ಡಿಯೋ ಕಣ್ಣೀರೋ, ನನ್ನ ನಿರ್ಧಾರ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ಭಾಲ್ಕಿಯಲ್ಲಿ ಆರು ಭಾನುವಾರ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಆ್ಯಪ್ ಮಾಡುವುದನ್ನು ಕಲಿತು ಬಂದ ಮನುಷ್ಯ ನಾನು. ಹೋಗುತ್ತ ಬರುತ್ತ ರೈಲಿನಲ್ಲಿ ನಿದ್ದೆ ಮಾಡಿದ್ದೆ, ಕ್ಲಾಸಿನಲ್ಲೂ ಸ್ವಲ್ಪ ಮಾಡಿದ್ದೆ. ಆದರೂ ಮುಖ್ಯ ಸಂಗತಿ ತಲೆಗೆ ಹತ್ತಿತ್ತು. ಅರವತ್ತು ಶಬ್ದ, ಅರವತ್ತು ಚಿತ್ರ, ಅರವತ್ತು ದನಿ. ಮಗು ಪರದೆಯ ಮೇಲಿನ ಶಬ್ದವನ್ನು ಒತ್ತಿದರೆ ಚಿತ್ರ ಕಾಣಬೇಕು, ಟೀಚರ ದನಿ ಕೇಳಬೇಕು. ಕಬ್ಬು ಕಡಿಯುವ ಹೊಲದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗಬೇಕು? ಆದ್ದರಿಂದ ಪ್ರೋಗ್ರಾಂ, ಚಿತ್ರ, ದನಿ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮೆಮೊರಿ ಕಾರ್ಡಿಗೆ ಹಾಕಿ ಕೊಡಬೇಕು. ಒಮ್ಮೆ ಲಾರಿ ಹೊರಟಿತೋ, ಆಮೇಲೆ ತಿದ್ದುವ ಮಾತೇ ಇಲ್ಲ.

"ಅಂದ್ರ ಪ್ಯಾಕಿಂಗ್!" ಎಂದು ಎದೆ ತಟ್ಟಿಕೊಂಡೆ. "ಈ ಕೆಲಸಕ್ಕ ಭಗವಂತ ನನ್ನೇ ಹುಟ್ಟಿಸ್ಯಾನ!"

"ಭಗವಂತ ನಿಮ್ಗ ಡಬ್ಬಿ ಕೊಟ್ಟಾನ್ರಿ," ಎಂದಳು ಅಲಕಾ. "ಸಾಮಾನು ಯಾರು ಕೊಡಬೇಕು?"

ಸಾಮಾನು ಅವಳೇ ಕೊಡಬೇಕಿತ್ತು. ಪ್ರೋಗ್ರಾಂ ನನ್ನದು, ಚಿತ್ರ ಮತ್ತು ದನಿ ಅವಳದು ಎಂದು ಒಪ್ಪಂದವಾಯಿತು. ಅರವತ್ತು ಶಬ್ದಗಳನ್ನು ಬಾಯಲ್ಲೇ ಹೇಳಿ ಬರೆಸಿದೆ. ಜೊತೆಗೆ ಅಪ್ಪಣೆಯನ್ನೂ ಕೊಟ್ಟೆ: "ಯಾವ ಶಬ್ದ ಅದ, ಫೈಲಿಗಿ ಅದೇ ಹೆಸರು ಇಂಗ್ಲಿಷ್ ಅಕ್ಷರದಾಗ ಇಡು. ಹೆಸರು ಬರೋಬ್ಬರಿ ಇಲ್ಲಂದ್ರ ಪ್ರೋಗ್ರಾಂ ಗುರ್ತು ಹಿಡಿಯಾಲ್ದು." ಈ ಪ್ರೋಗ್ರಾಂ ಎಂಬುದು ನಮ್ಮ ಕಚೇರಿ ಗುಮಾಸ್ತರ ಜಾತಿಯದು. ರೇಷನ್ ಕಾರ್ಡಿನಲ್ಲಿ ಒಂದು ಅಕ್ಷರ ಆಚೀಚೆಯಾದರೆ ಎದುರಿಗೆ ನಿಂತ ಮನುಷ್ಯನನ್ನೇ ಇಲ್ಲ ಎನ್ನುತ್ತಾರಲ್ಲ, ಹಾಗೆ.

ಇನ್ನೊಂದು ಅಪ್ಪಣೆ: "ಶುದ್ಧ ಕನ್ನಡದಾಗ ಮಾತಾಡು. ಪುಸ್ತಕದಾಗ ಇದ್ದಂಗ. ಮನಿ, ಸಾಲಿ ಅಂತ ಹಳ್ಳಿ ಭಾಷಾ ಬ್ಯಾಡ."

"ಮತ್ತ ನೀವು ಈಗ ಮಾತಾಡ್ಲತ್ತಿದ್ದು ಯಾವ ಭಾಷಾ ರೀ?"

ನಾನು ಕೇಳಿಸದವನಂತೆ ಲ್ಯಾಪ್‌ಟಾಪಿಗೆ ಮುಖ ತಿರುಗಿಸಿದೆ.

ಚಿತ್ರಗಳ ಬೇಟೆ ಹತ್ತು ದಿನ ನಡೆಯಿತು. ಪಕ್ಕದ ಮನೆಯ ಖುರ್ಷಿದ ಬೇಗಂ ತಮ್ಮ ಕೋಳಿ, ಮೇಕೆ, ಬೆಕ್ಕು, ಚಮಚ, ಬೀಗ ಎಲ್ಲವನ್ನೂ ಒಂದೊಂದಾಗಿ ಅಂಗಳಕ್ಕೆ ತಂದು ನಿಲ್ಲಿಸಿದರು. ಕೋಳಿ ನೆಟ್ಟಗೆ ನಿಲ್ಲಲಿಲ್ಲವೆಂದು ಅದಕ್ಕೆ ಬೈದು, ಬೈದದ್ದಕ್ಕೆ ಜೋಳ ಹಾಕಿ ಸಮಾಧಾನ ಮಾಡಿದರು. ಕತ್ತೆಯೊಂದು ಮಾತ್ರ ಸಿಗಲಿಲ್ಲ. ಕೊನೆಗೆ ಭಾನುವಾರ ಅಷ್ಟೂರಿಗೆ ಹೋಗಿ, ಗುಮ್ಮಟಗಳ ಹಿಂದೆ ಮೇಯುತ್ತಿದ್ದ ಒಂದು ಕತ್ತೆಯನ್ನು ಹಿಡಿದೆವು. ಅದು ಓಡಿಹೋಗದಂತೆ ನಾನು ಕಿವಿ ಹಿಡಿದು ಪಕ್ಕದಲ್ಲಿ ನಿಂತೆ, ಅಲಕಾ ಫೋಟೋ ತೆಗೆದಳು.

ದಸರಾ ಕಳೆದ ಮೂರನೆಯ ದಿನ ಗಂಟು ಕಟ್ಟಿದೆ. ನಾಯಿ ಒತ್ತಿದೆ, ನಾಯಿ ಕಂಡಿತು. ಇಲಿ ಒತ್ತಿದೆ, ಇಲಿ ಬಂತು. ಹಾವು ಒತ್ತಿದೆ, ಅಲಕಾಳ ದನಿಯಲ್ಲಿ "ಹಾವು" ಎಂದಿತು!

"ಎಲ್ಲಾ ಒತ್ತಿ ನೋಡ್ರಿ," ಎಂದಳು ಅಲಕಾ.

"ಹನ್ನೊಂದು ವರ್ಷದ ಅನುಭವ ಅದ ನಂದು! ಮೂರು ಡಬ್ಬಿ ತೆಗೆದು ನೋಡಿದರ ಪೂರಾ ಲಾಟ್ ನೋಡಿದಂಗ. ಕಂಪನಿ ನಿಯಮ!"

ಮರುದಿನ ರಜೆ ಹಾಕಿ ಅವಳ ಜೊತೆ ಔರಾದ ಬಸ್ಸು ಹತ್ತಿದೆ. ಶಾಲೆಯ ಅಂಗಳದಲ್ಲಿ ಆಗಲೇ ಲಾರಿ ನಿಂತಿತ್ತು. ಪಾತ್ರೆ, ಹಾಸಿಗೆ, ಜೋಳದ ಚೀಲ ಏರುತ್ತಿದ್ದವು. ಹನ್ನೆರಡಕ್ಕೆ ಹೊರಡಲೇಬೇಕೆಂದು ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ, ಗಡಿಯಾರ ನೋಡಿಕೊಂಡು ಓಡಾಡುತ್ತಿದ್ದ. ಹತ್ತೂವರೆಯಾಗಿತ್ತು. ಇಪ್ಪತ್ತು ಕುಟುಂಬಗಳಲ್ಲಿ ಆ್ಯಪ್ ನಡೆಯುವಂಥ ಫೋನು ಇದ್ದದ್ದು ಆರು ಜನರ ಬಳಿ. ಅವರ ಆರೂ ಮೆಮೊರಿ ಕಾರ್ಡಿಗೆ ಆ್ಯಪ್ ಹಾಕಿ ಕೊಟ್ಟು, ಮೆಟ್ಟಿಲ ಮೇಲೆ ನಿಂತು ಚಿಕ್ಕದೊಂದು ಭಾಷಣವನ್ನೂ ಮಾಡಿದೆ. "ತಾಯಂದಿರೇ, ಇನ್ನು ನಿಮ್ಮ ಮಕ್ಕಳ ಶಾಲೆ ನಿಮ್ಮ ಜೇಬಿನಲ್ಲಿ!" ಎಂದು ಶುದ್ಧ ಕನ್ನಡದಲ್ಲಿ ಕೈ ಎತ್ತಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರ ಕೈಯಲ್ಲೂ ಸಾಮಾನಿತ್ತು.

ಮಹಾನಂದಾ ತನ್ನ ಅಪ್ಪ ಪಂಢರಿಯ ಫೋನು ಹಿಡಿದು ಮೊದಲಿಗೆ "ಮನೆ" ಒತ್ತಿದಳು. ಪರದೆ ಬೆಳ್ಳಗಾಯಿತು. ದನಿಯಿಲ್ಲ. "ಶಾಲೆ" ಒತ್ತಿದಳು. ಬೆಳ್ಳಗೆ. "ಆನೆ", "ಎಲೆ", "ಕುದುರೆ"... ಎಲ್ಲ ಬೆಳ್ಳಂಬೆಳ್ಳಗೆ! ನಾನು ಬೆವತೆ. ಆಗ ಅವಳ ಅಜ್ಜಿ ಸುಭದ್ರಾಬಾಯಿ, "ಮಳಿ ಹಚ್ಚವ್ವಾ, ಮಳಿ ನೋಡಮು," ಎಂದು ಬಗ್ಗಿದಳು. ಮಹಾನಂದಾ "ಮಳೆ" ಒತ್ತಿದಳು. ಬೆಳ್ಳನೆಯ ಪರದೆ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆಕಾಶದಾಗೂ ಇಲ್ಲ, ನಿಮ್ಮ ಮೊಬೈಲದಾಗೂ ಇಲ್ಲೇನ್ರಿ ಸರ?"

ಅಂಗಳಕ್ಕೆ ಅಂಗಳವೇ ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಹುಡುಗಿ "ಹನಿ" ಒತ್ತಿಬಿಟ್ಟಳು. ನೀರಿನ ಹನಿ ಬರಬೇಕಾದಲ್ಲಿ ಅಲಕಾಳ ಹಣೆ, ಕುಂಕುಮ ಸಮೇತ, ಪರದೆ ತುಂಬ ಬಂತು!

"ಹನಿ ಕೇಳಿದರ ಹಣಿ ತೋರಸ್ತದ," ಎಂದಳು ಸುಭದ್ರಾಬಾಯಿ. "ಖರೇ ಅದ ಬಿಡ್ರಿ, ಎಲ್ಲಾ ನಮ್ಮ ಹಣಿಬರಹ."

ಮುಂದೆ "ಕತ್ತಿ" ಒತ್ತಿದರು. ಅಷ್ಟೂರಿನ ಕತ್ತೆ ಬಂತು, ಪಕ್ಕದಲ್ಲಿ ಅದರ ಕಿವಿ ಹಿಡಿದು ಹಲ್ಲು ಕಿಸಿದ ನಾನು. ಪಂಢರಿ ಬಹಳ ಗೌರವದಿಂದ ಕೇಳಿದ, "ಸರ, ಇದರಾಗ ಕತ್ತಿ ಯಾವ್ದರಿ?"

ಅವಮಾನವನ್ನು ನುಂಗಿಕೊಳ್ಳಬಹುದಿತ್ತು. ಆದರೆ ಮಹಾನಂದಾ ನಗುತ್ತಿರಲಿಲ್ಲ. ಅವಳು ಮತ್ತೆ ಮತ್ತೆ "ಮನೆ" ಒತ್ತುತ್ತಿದ್ದಳು, ತನ್ನ ಬೆರಳೇ ಏನೋ ತಪ್ಪು ಮಾಡುತ್ತಿದೆ ಎಂಬಂತೆ ಅದನ್ನು ಲಂಗಕ್ಕೆ ಒರೆಸಿಕೊಂಡು ಒತ್ತುತ್ತಿದ್ದಳು. ಲಾರಿ ಹೊರಡಲು ಒಂದು ಗಂಟೆಯೂ ಇರಲಿಲ್ಲ.

"ವೈರಸ್ ಇರಬೇಕು," ಎಂದೆ. "ಇಲ್ಲಂದ್ರ ಮೆಮೊರಿ ಕಾರ್ಡ್ ನಕಲಿ. ಇಲ್ಲಂದ್ರ..."

"ಸ್ವಲ್ಪ ಸುಮ್ಮಕುಂದರ್ರಿ," ಎಂದಳು ಅಲಕಾ. ಫೋನು ಇಸಿದುಕೊಂಡು ಒಂದೊಂದೇ ಶಬ್ದವನ್ನು ಒತ್ತಿ, ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು. ಆ್ಯಪಿನ ಗಂಧ ಅವಳಿಗಿಲ್ಲ, ಕನ್ನಡದ್ದು ಇದೆ. ಎರಡು ನಿಮಿಷಕ್ಕೆ ತಲೆ ಎತ್ತಿದಳು.

"ಏನ್ರಿ, ನಾಯಿ ಮಾತಾಡ್ತದ, ಇಲಿ ಮಾತಾಡ್ತದ. ಮಾತಾಡಲಾರದಾವೆಲ್ಲಾ ‘ಎ’ ಅಂತ ಮುಗೀತಾವ. ಮನೆ, ಮಳೆ, ಶಾಲೆ, ಆನೆ."

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ನಾ ಫೈಲಿಗಿ ಮನಿ ಅಂತ ಹೆಸರಿಟ್ಟೀನ್ರಿ."

"ಮನಿ ಅಂತ ಯಾಕಿಟ್ಟಿ?"

"ಅದು ಮನಿ ಅಲ್ಲೇನು ಮತ್ತ?"

ನನ್ನ ಕಣ್ಣು ತೆರೆಯಿತು! ನನ್ನ ಪಟ್ಟಿಯಲ್ಲಿ ಮನೆ, ಮಳೆ, ಶಾಲೆ. ಅವಳ ಫೈಲುಗಳ ಮೇಲೆ ಮನಿ, ಮಳಿ, ಸಾಲಿ. ನನ್ನ ಶುದ್ಧ ಕನ್ನಡದ ಗುಮಾಸ್ತ ಇಪ್ಪತ್ತಮೂರು ಶಬ್ದಗಳನ್ನು "ನಮ್ಮಲ್ಲಿ ಅಂಥವರು ಯಾರೂ ಇಲ್ಲ" ಎಂದು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ. ಇಂಗ್ಲಿಷಿನಲ್ಲಿ ‘ನ’, ‘ಣ’ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಹನಿಯ ಫೈಲಿನ ಮೇಲೆ ಹಣಿಯ ಫೈಲು ಬಂದು ಕೂತು ಅದನ್ನು ಅಳಿಸಿಹಾಕಿತ್ತು. ಹಾಗೆಯೇ, ನಮ್ಮ ಬಾಯಲ್ಲಿ ಕತ್ತೆಯೂ ಕತ್ತಿಯೇ ಆದ್ದರಿಂದ, ಕತ್ತಿಯನ್ನು ಕತ್ತೆ ತುಳಿದುಹಾಕಿತ್ತು.

"ನಾ ಹೇಳಿದ್ದು ಮನೆ ಅಂತ!" ಎಂದು ರೇಗಿದೆ.

"ಹೇಳ್ರಿ, ಈಗ ಮತ್ತೊಮ್ಮೆ ಜೋರಾಗಿ ಹೇಳ್ರಿ. ಶಬ್ದ ಬರೆಸೋ ದಿನ ನೀವು ನನಗ ಹೇಳಿದ್ದು ‘ಬರಕೋ ಅಲಕಾ, ಮನಿ, ಸಾಲಿ, ಆನಿ’ ಅಂತ. ಪುಸ್ತಕದ ಕನ್ನಡ ನಿಮ್ಮ ಬೆರಳಿನಾಗ ಅದ, ಬಾಯಾಗಿಲ್ಲ!"

ಇರಬಹುದು. ಇರಬಹುದೇನು, ಹಾಗೆಯೇ ಇತ್ತು! ಬೀದರಿನಲ್ಲಿ ಹುಟ್ಟಿ ಬೆಳೆದವನ ನಾಲಿಗೆ ಆಡಿದ್ದು ಒಂದು, ಬೆರಳು ಟೈಪಿಸಿದ್ದು ಇನ್ನೊಂದು. ಮೂವತ್ತೆರಡು ಸಾಮಾನಿನಲ್ಲಿ ಒಂದೂ ತಪ್ಪದ ಮಹಾಶಯ ಅರವತ್ತರಲ್ಲಿ ಇಪ್ಪತ್ತಮೂರು ಬಿಟ್ಟಿದ್ದ.

ಲ್ಯಾಪ್‌ಟಾಪ್ ತೆಗೆದು ಶಾಲೆಯ ಜಗಲಿಯ ಮೇಲೆ ಕುಳಿತೆ. ಪರದೆಯ ಮೇಲಿನ ಬರಹ "ಮನೆ" ಎಂದೇ ಇರಲಿ, ಒಳಗೆ ಫೈಲನ್ನು ಕರೆಯುವ ಹೆಸರು ಮಾತ್ರ "ಮನಿ" ಎಂದಾಗಬೇಕು. ಒಂದೊಂದೇ ತಿದ್ದತೊಡಗಿದೆ. ಅಲಕಾ ಹೇಳುತ್ತಿದ್ದಳು, ನಾನು ವಿಧೇಯ ವಿದ್ಯಾರ್ಥಿಯಂತೆ ಒತ್ತುತ್ತಿದ್ದೆ. ಕತ್ತಿಯ ಚಿತ್ರ ಹಾಳಾಗಿತ್ತಲ್ಲ, ಪಂಢರಿ ಲಾರಿ ಹತ್ತಿ ತನ್ನ ಕಬ್ಬು ಕಡಿಯುವ ಕೊಯ್ತಾ ತಂದು ಬಟ್ಟೆಯಿಂದ ಒರೆಸಿ ಮುಂದೆ ಹಿಡಿದ. ಅದರ ಫೋಟೋ ತೆಗೆದೆವು. ಕತ್ತಿ, ಹನಿ ಎರಡರ ಅಳಿಸಿಹೋದ ದನಿಯನ್ನೂ ಅಲಕಾ ಮತ್ತೆ ಹೇಳಿದಳು.

ಉಳಿದದ್ದು ಹನಿಯ ಚಿತ್ರ. ಶಾಲೆಯ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಬೋರು ಒಣಗಿ ತಿಂಗಳಾಗಿತ್ತು.

"ಬಿಟ್ಟುಬಿಡೋಣು, ಐವತ್ತೊಂಬತ್ತೇ ಇರಲಿ," ಎಂದೆ.

ಸುಭದ್ರಾಬಾಯಿ ಲಾರಿಯ ಹತ್ತಿರ ಹೋದಳು. ದಾರಿಗೆಂದು ಬೆಳಿಗ್ಗೆ ಟ್ಯಾಂಕರಿಗೆ ಸಾಲು ಹಚ್ಚಿ ತುಂಬಿಟ್ಟುಕೊಂಡ ಕ್ಯಾನಿನ ಮುಚ್ಚಳ ಬಿಚ್ಚಿದಳು. ಬೇವಿನ ಒಂದು ಎಲೆಯನ್ನು ಅದರಲ್ಲಿ ಅದ್ದಿ ತಂದು, ತುದಿಯಲ್ಲಿ ಹನಿ ತೂಗುವಂತೆ ಹಿಡಿದು ನಿಂತಳು. ವಯಸ್ಸಾದ ಕೈ, ಅಲುಗಿ ಮೊದಲನೆಯ ಹನಿ ಬಿತ್ತು. ಮತ್ತೆ ಹೋಗಿ ಅದ್ದಿ ತಂದಳು. ಮೂರನೆಯ ಸಲ ಫೋಟೋ ಬಂತು. ಉಳಿದ ನೀರನ್ನು ಎಲೆಯಿಂದ ಮೊಮ್ಮಗಳ ಹಣೆಗೆ ಒರೆಸಿದಳು. ಆ ತಾಯಿಗೆ ನಾನು ಕೈ ಮುಗಿದೆ.

ಹನ್ನೆರಡಕ್ಕೆ ಐದು ನಿಮಿಷ. ಗಂಟು ಕಟ್ಟಲು ಒತ್ತಿದೆ. ನನ್ನ ಹಳೆಯ ಲ್ಯಾಪ್‌ಟಾಪು ಇಪ್ಪತ್ತು ನಿಮಿಷ ಬೇಕು ಎಂದಿತು! ಮುಕಾದಮ, "ನಡೀರಿ, ನಡೀರಿ, ಏರ್ರಿ ಎಲ್ಲರೂ!" ಎಂದು ಕೂಗತೊಡಗಿದ. ಲಾರಿಯ ಡ್ರೈವರ್ ಅಬ್ದುಲ ಮಜೀದ ಸ್ಟಿಯರಿಂಗಿನ ಮುಂದೆ ಕುಳಿತು ಇಷ್ಟೆಲ್ಲವನ್ನೂ ನೋಡುತ್ತಿದ್ದ. ನಿಧಾನವಾಗಿ ಇಳಿದು ಬಂದ. ಹಿಂದಿನ ಚಕ್ರವನ್ನು ಒದ್ದು ನೋಡಿದ.

"ಹವಾ ಕಮ್ಮಿ ಆಗ್ಯಾದರಿ ಮುಕಾದಮ ಸಾಬ್."

"ಈಗ ಬರೋಬ್ಬರಿ ಇತ್ತಲ್ಲೊ!"

"ಈಗಿತ್ತರಿ. ಹವಾ ಅದ, ಅದರದು ಏನ್ ಭರೋಸಾ?" ಎಂದು ಹೇಳಿ ಜಾಕು ತೆಗೆದು ನೆಲಕ್ಕಿಟ್ಟ. ನನ್ನ ಪಕ್ಕ ಹಾಯುವಾಗ ಮೆಲ್ಲಗೆ ಅಂದ, "ಫಿಕರ್ ಮಾಡಬ್ಯಾಡ್ರಿ ಸರ. ನಿಮ್ಮ ಡಬ್ಬಾ ಬಂದ್ ಆಗೂತನಕ ನಂದು ಚಕ್ರ ಖುಲ್ಲಾ ಇರ್ತದ."

ಇಪ್ಪತ್ತು ನಿಮಿಷ ಅವನು ಆ ಚಕ್ರಕ್ಕೆ ಮಾಡಿದ ಸೇವೆಯನ್ನು ನೋಡಬೇಕಿತ್ತು. ಬಿಚ್ಚಿದ ನಟ್ಟನ್ನೇ ಬಿಚ್ಚಿದ, ಬಿಗಿದ ನಟ್ಟನ್ನೇ ಬಿಗಿದ. ಗಂಟು ಸಿದ್ಧವಾಯಿತು, ಆರು ಕಾರ್ಡಿಗೂ ಹಾಕಿದೆ. ಈ ಸಲ ಮೂರು ಒತ್ತಿ ಬಿಡಲಿಲ್ಲ. ಆರು ಫೋನು ಆರು ಜನ ಹಿಡಿದು ಅರವತ್ತನ್ನೂ ಒತ್ತಿದೆವು.

ಆಗಲೇ ನಾನು ಅಲಕಾಳ ದನಿಯನ್ನು ಮೊದಲ ಸಲ ಪೂರ್ತಿ ಕೇಳಿದ್ದು. ಮಹಾನಂದಾ "ಮನೆ" ಒತ್ತಿದಳು. ಖುರ್ಷಿದ ಬೇಗಂ ಅವರ ಹಸಿರು ಬಾಗಿಲಿನ ಮನೆ ಬಂತು. ದನಿ ಹೇಳಿತು: "ಮನಿ. ಇದು ನಮ್ಮ ಮನಿ. ಅನ್ನಾದು ಮನಿ, ಬರೆಯಾದು ಮನೆ. ಬರೀರಿ ನೋಡಮು, ಮನೆ."

ಪ್ರತಿ ಶಬ್ದಕ್ಕೂ ಹಾಗೆಯೇ. ಮೊದಲು ಮಗುವಿನ ಬಾಯಲ್ಲಿರುವ ಮಾತು, ಆಮೇಲೆ ಪುಸ್ತಕದಲ್ಲಿರುವ ಮಾತು. ನನ್ನ ಅಪ್ಪಣೆಯನ್ನು ಅವಳು ಗಾಳಿಗೆ ತೂರಿದ್ದಳು. ದೇವರು ದೊಡ್ಡವನು, ತೂರಿದ್ದಕ್ಕೇ ಕೆಲಸ ಉಳಿಯಿತು! ನಾನು ಕಟ್ಟಿದ್ದು ಬರೀ ಡಬ್ಬಿ. ಒಳಗಿನದೆಲ್ಲ ಅವಳದು, ಬೇಗಂ ಅವರ ಕೋಳಿಯದು, ಸುಭದ್ರಾಬಾಯಿಯ ಹನಿಯದು. ಮಜೀದನ ಕೈ ಹಿಡಿದು ಕುಲುಕಿದೆ, ನನ್ನ ಕೈಯೆಲ್ಲ ಗ್ರೀಸಾಯಿತು. ಲಾರಿ ಹೊರಟಿತು. ಮಹಾನಂದಾ ಕೈ ಬೀಸಲಿಲ್ಲ, ಫೋನಿನಲ್ಲಿ ಮುಳುಗಿದ್ದಳು. ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಬಸ್ಸಿನಲ್ಲಿ ತಿರುಗಿ ಬರುವಾಗ ಅಲಕಾಳಿಗೆ ಹೇಳಿದೆ, "ಭಾಳ ಉಪಕಾರ ಆಯ್ತು ನಿಂದು."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಬಿಸಿಲು ಹತ್ತ್ಯಾದೇನ್ರಿ?"

ಆಮೇಲೆ ನಾಲ್ಕು ತಿಂಗಳು ಸುದ್ದಿಯಿಲ್ಲ. ಫೋನು ಹತ್ತುತ್ತಿರಲಿಲ್ಲ. ಅಲಕಾ ದಿನಾ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಎಂದು ಬರೆಯುವಾಗ ಕೈ ತಡೆಯುತ್ತದೆ ಎನ್ನುತ್ತಿದ್ದಳು. ಹುಡುಗಿ ನೆನಪಿಟ್ಟಳೋ, ಮರೆತಳೋ? ಫೋನೇ ಕಬ್ಬಿನ ಗಾಡಿಯ ಕೆಳಗೆ ಬಿತ್ತೋ? ನನಗೂ ಗೋದಾಮಿನಲ್ಲಿ ಡಬ್ಬಿ ಮುಚ್ಚುವಾಗೆಲ್ಲ ಅದೇ ಯೋಚನೆ.

ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಪಂಢರಿಯ ನಂಬರಿನಿಂದ ಅಲಕಾಳ ಫೋನಿಗೆ ಒಂದು ಫೋಟೋ ಬಂತು. ಹರಿದ ಸಿಮೆಂಟ್ ಚೀಲದ ಮೇಲೆ ಇದ್ದಿಲಿನಿಂದ ಬರೆದ ಸಾಲುಗಳು. ಮನೆ. ಮಳೆ. ಶಾಲೆ. ಎಲೆ. ಹನಿ. ಕುದುರೆ. ಕೆಳಗೆ ದಪ್ಪ ಅಕ್ಷರದಲ್ಲಿ: ಮಹಾನಂದಾ ಪಂಢರಿ. ಎರಡನೆಯ ತರಗತಿ.

ಅಲಕಾ ಫೋನನ್ನು ಎದೆಗೆ ಒತ್ತಿಕೊಂಡು ಅತ್ತಳು. ಅವಳ ಕೈಯಿಂದ ಫೋನು ತೆಗೆದುಕೊಂಡು, ಕಣ್ಣು ಮಂಜಾಗಿದ್ದರೂ ಉತ್ತರವನ್ನು ನಾನೇ ಟೈಪ್ ಮಾಡಿದೆ: "ಶಾಬಾಸ್ ಮಹಾನಂದಾ! ಭಾಳ ಖುಷಿ ಆಯ್ತು. ಯುಗಾದಿಗಿ ಬಂದಾಗ ಬೀದರಿಗಿ ನಮ್ಮ ಮನಿಗಿ ಬಾ. ಇಂತಿ, ಆ್ಯಪ್ ಮಾಡಿದ ಸರ್."

ಹತ್ತು ನಿಮಿಷಕ್ಕೆ ದನಿಯ ಸಂದೇಶ ಬಂತು. ಹಿಂದೆ ಟ್ರ್ಯಾಕ್ಟರಿನ ಸದ್ದು, ಮುಂದೆ ಸಣ್ಣ ಗಂಟಲು, ತರಗತಿಯಲ್ಲಿ ಎದ್ದು ನಿಂತು ಒಪ್ಪಿಸಿದಷ್ಟು ಸ್ಪಷ್ಟ:

"ಸರ, ಬರ್ತೇನ್ರಿ. ಖರೇ, ನೀವು ‘ಮನಿಗಿ’ ಅಂತ ಬರ್ದೀರಿ. ಬರೀವಾಗ ‘ಮನೆಗೆ’ ಅಂತ ಬರೀಬೇಕ್ರಿ. ನಾಚ್ಕೋಬ್ಯಾಡ್ರಿ ಸರ, ನಂಗೂ ಮೊದಲ ಬರ್ತಿರಲಿಲ್ಲ. ನಮ್ಮ ಟೀಚರ್ ಭಾಳ ಛಲೋ ಕಲಿಸ್ತಾರ, ಅವರ ಹಂತ್ಯಾಕ ಹೋಗ್ರಿ."

ಅಲಕಾ ಕಣ್ಣೊರೆಸಿಕೊಂಡು, ತನ್ನ ಶಾಲೆಯ ಚೀಲದಿಂದ ಒಂದು ಪಾಟಿ ಮತ್ತು ಬಳಪ ತೆಗೆದು ನನ್ನ ಮುಂದಿಟ್ಟಳು.

"ಕುಂದರ್ರಿ," ಎಂದಳು.